ಎಳೆದು ಓದಬೇಡಿ ಅಕ್ಕ

ಜೆರಾಕ್ಸ್ ಅಕ್ಕನ ಅಂಗಡಿಯಲ್ಲಿ ಎರಡು ಯಂತ್ರಗಳಿದ್ದವು. ಒಂದು ಕಾಗದ ನುಂಗುವುದು. ಅದು ಆಗಾಗ ಕೆಮ್ಮಿ ನಿಂತುಬಿಡುತ್ತಿತ್ತು. ಇನ್ನೊಂದು ಅಕ್ಕನ ಬಾಯಿ. ಅದು ನಿಂತದ್ದನ್ನು ಆ ಬೀದಿಯಲ್ಲಿ ಕಂಡವರಿಲ್ಲ.

ಅಂಗಡಿ ಇದ್ದದ್ದು ಒಂದು ದೊಡ್ಡ ಕಾಲೇಜಿನ ಗೇಟಿನ ಎದುರಿಗೆ. ಭಾನುವಾರ ಬಂತೆಂದರೆ ಆ ಕಾಲೇಜಿನಲ್ಲಿ ಯಾವುದಾದರೊಂದು ನೌಕರಿಯ ಪರೀಕ್ಷೆ. ಅರ್ಜಿ, ಅಂಕಪಟ್ಟಿ, ಜನನ ಪ್ರಮಾಣಪತ್ರ ಹಿಡಿದು ಜನ ಅಂಗಡಿಯ ಮುಂದೆ ಸಾಲುಗಟ್ಟುತ್ತಿದ್ದರು. ಯಂತ್ರದ ಬೆಳಕು ಆ ತುದಿಯಿಂದ ಈ ತುದಿಗೆ ಹರಿಯುವಷ್ಟರಲ್ಲಿ ಅಕ್ಕ ಆ ಕಾಗದವನ್ನು ಓದಿ ಮುಗಿಸಿರುತ್ತಿದ್ದಳು. ಓದಿದ ಮೇಲೆ ಒಂದು ಮಾತು ಹೇಳದೆ ಕೈಗೆ ಕೊಡುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಬಾಡಿಗೆ ಕರಾರು ತಂದವರಿಗೆ, "ಕೊನೇ ಷರತ್ತು ಓದಿದ್ದೀರಾ? ಓದಿ, ಆಮೇಲೆ ಅಳಿ." ಅರ್ಜಿ ತಂದ ಹುಡುಗನಿಗೆ, "ಫೋಟೋದಲ್ಲಿ ಯಾಕಪ್ಪ ಹೀಗೆ ಮುಖ ಗಂಟು ಹಾಕ್ಕೊಂಡಿದೀಯ, ಕೆಲಸ ಕೊಡೋರು ಹೆದರ್ಕೋತಾರೆ." ವಿಚ್ಛೇದನದ ಕಾಗದ ತಂದವರನ್ನೂ ಅವಳು ಸುಮ್ಮನೆ ಕಳಿಸಿದ್ದಿಲ್ಲ.

ತೊಂದರೆ ಏನೆಂದರೆ, ಅವಳು ಹೇಳಿದ್ದು ಬಹಳ ಸಲ ಸರಿಯಾಗಿಯೇ ಇರುತ್ತಿತ್ತು. ತಪ್ಪು ಹೇಳುವ ಬಾಯಿಬಡುಕರನ್ನು ಜನ ಕ್ಷಮಿಸುತ್ತಾರೆ. ಸರಿ ಹೇಳುವವರನ್ನು ಕ್ಷಮಿಸುವುದು ಕಷ್ಟ. ಸ್ವಂತ ತಂಗಿಯೇ ಮಾತು ಬಿಟ್ಟು ಕೂತಿದ್ದಳು. ತಂಗಿಯ ಗಂಡ ಪಾಲುದಾರಿಕೆಯಲ್ಲಿ ಒಂದು ವ್ಯಾಪಾರ ಶುರುಮಾಡಿದಾಗ, ನೆಂಟರೆಲ್ಲ ಹಾರೈಸುತ್ತಿದ್ದ ಹೊತ್ತಿಗೆ, ಅಕ್ಕ ನಡುಮನೆಯಲ್ಲಿ ನಿಂತು, "ಇದು ವರ್ಷ ದಾಟಲ್ಲ" ಎಂದಿದ್ದಳು. ವರ್ಷ ದಾಟಲಿಲ್ಲ. ಕೊನೆಯ ಸಲ ಫೋನಿನಲ್ಲಿ ತಂಗಿ ಹೇಳಿದ್ದು ಇಷ್ಟೇ: "ನೀನು ಹೇಳಿದ್ದು ಸರಿ ಅಕ್ಕ. ಅದೇ ನನಗೆ ತಡೆಯಕ್ಕಾಗ್ತಿಲ್ಲ."

ಅಕ್ಕನ ಗಂಡ ಅಂಗಡಿಯ ಹಿಂದಿನ ಮೂಲೆಯಲ್ಲಿ ಕೂತು ಪುಸ್ತಕಗಳಿಗೆ ಸುರುಳಿ ತಂತಿ ಪೋಣಿಸುತ್ತಿದ್ದ. ಮನೆಯ ಮಾತೆಲ್ಲ ಹೆಂಡತಿಯ ಪಾಲಿಗೆ ಹೋದ ಮೇಲೆ ಅವನಿಗೆ ಉಳಿದದ್ದು "ಹ್ಞೂಂ" ಒಂದೇ. ಅದನ್ನೂ ಅವನು ಹಿತಮಿತವಾಗಿ ಬಳಸುತ್ತಿದ್ದ.

ಯಂತ್ರದ ಮೇಲಿನ ಗೋಡೆಗೆ ಅಕ್ಕ ಕೈಯಾರೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದ ಬೋರ್ಡಿತ್ತು: "ಒರಿಜಿನಲ್ ಮರೆಯದೆ ತೆಗೆದುಕೊಂಡು ಹೋಗಿ." ಓದುವವರು ಯಾರು? ಜನ ಪ್ರತಿಗಳನ್ನು ಜೋಪಾನವಾಗಿ ಎಣಿಸಿಕೊಂಡು ಮೂಲವನ್ನು ಗಾಜಿನ ಮೇಲೆಯೇ ಬಿಟ್ಟು ನಡೆದುಬಿಡುತ್ತಿದ್ದರು. ಬಿಟ್ಟುಹೋದ ಕಾಗದಗಳನ್ನೆಲ್ಲ ಅಕ್ಕ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಸಾಕುತ್ತಿದ್ದಳು. ಅದಕ್ಕೆ ಅನಾಥಾಲಯ ಎಂದು ಹೆಸರಿಟ್ಟಿದ್ದಳು. ಯಾರದೋ ಮದುವೆಯ ನೋಂದಣಿ ಪತ್ರ ಅದರಲ್ಲಿ ವರ್ಷಗಟ್ಟಲೆಯಿಂದ ಬಿದ್ದಿತ್ತು. ಇಬ್ಬರಲ್ಲಿ ಒಬ್ಬರೂ ಹುಡುಕಿಕೊಂಡು ಬಂದಿರಲಿಲ್ಲ.

ಒಂದು ದಿನ ಗಾಜಿನ ಮೇಲೆ ಸಿಕ್ಕಿದ್ದು ಅಂಗವಿಕಲರ ಪ್ರಮಾಣಪತ್ರ. ಎರಡೂ ಕಣ್ಣು ಕಾಣದವಳದು. ಕೆಲಸದ ಜಾಗ ಎಂಬಲ್ಲಿ ಒಂದು ಆಸ್ಪತ್ರೆಯ ಹೆಸರಿತ್ತು. ಅಕ್ಕ ಆಸ್ಪತ್ರೆಗೆ ಫೋನ್ ಹಚ್ಚಿದಳು.

"ನಮಸ್ಕಾರ, ಯಾರು ಬೇಕಿತ್ತು?" ಎಂದಿತು ಒಂದು ತಿಳಿಯಾದ ದನಿ.

"ಯಾರು ಬೇಕು ಅಂತ ನನಗೇನು ಗೊತ್ತು? ನಿಮ್ಮಲ್ಲಿ ಕೆಲಸ ಮಾಡೋ ಒಬ್ಬ ಹುಡುಗಿ ನಿನ್ನೆ ಒರಿಜಿನಲ್ ಬಿಟ್ಟು ಹೋಗಿದಾಳೆ. ಇಂಥ ಕಾಗದ ಬಿಟ್ಟು ಹೋಗ್ತಾರಾ ಯಾರಾದ್ರೂ? ಕಣ್ಣು ಕಾಣ್ಸಲ್ಲ ಸರಿ, ತಲೆಯೂ ಇಲ್ವಾ ಅಂತ ಕೇಳಿ ಅವಳನ್ನ."

"ಕೇಳಿದೆ ಅಕ್ಕ," ಎಂದಿತು ದನಿ. "ಇದೆಯಂತೆ. ನಿನ್ನೆ ಮನೇಲಿ ಬಿಟ್ಟು ಬಂದಿದ್ಲಂತೆ."

ಹೀಗೆ ಜೆರಾಕ್ಸ್ ಅಕ್ಕನಿಗೆ ಆಪರೇಟರ್ ಹುಡುಗಿಯ ಪರಿಚಯವಾಯಿತು. ಹುಡುಗಿ ಎಂದರೆ ಮೂವತ್ತು ದಾಟಿ ಬಹಳವಾದವಳೇ. ಅಕ್ಕನ ಕಣ್ಣಿಗೆ ತನಗಿಂತ ಚಿಕ್ಕವರೆಲ್ಲ ಹುಡುಗಿಯರು. ಆಸ್ಪತ್ರೆಗೆ ಬರುವ ಫೋನನ್ನೆಲ್ಲ ಎತ್ತಿ, ಬೇಕಾದವರಿಗೆ ಜೋಡಿಸುವುದು ಅವಳ ಕೆಲಸ. ಅದೂ ಗುತ್ತಿಗೆಯ ಮೇಲೆ. ಈಗ ಆ ಗುತ್ತಿಗೆಗೂ ಸಂಚಕಾರ ಬಂದಿತ್ತು: ವರ್ಷ ಮುಗಿಯುವುದರೊಳಗೆ "ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ" ಎನ್ನುವ ಯಂತ್ರವೊಂದನ್ನು ಕೂರಿಸುತ್ತಾರಂತೆ. ಉಳಿದ ದಾರಿ ಒಂದೇ, ಕಾಯಂ ಗುಮಾಸ್ತೆಯ ಕೆಲಸಕ್ಕೆ ಕರೆದಿದ್ದ ಪರೀಕ್ಷೆ. ಹಿಂದೆ ಎರಡು ಸಲ ಬರೆದು ಸೋತಿದ್ದಳು. ಈ ಸಲ ಬಿಟ್ಟರೆ ವಯಸ್ಸಿನ ಮಿತಿ ದಾಟಿಹೋಗುತ್ತಿತ್ತು.

ಪ್ರಮಾಣಪತ್ರ ಒಯ್ಯಲು ಬಂದವಳು ಅಂಗಡಿಯ ಸ್ಟೂಲಿನ ಮೇಲೆ ಕೂತು ನೇರವಾಗಿ ವಿಷಯಕ್ಕೆ ಬಂದಳು. "ಅಕ್ಕ, ನನಗೆ ಪರೀಕ್ಷೆಗೆ ಸ್ಕ್ರೈಬ್ ಬೇಕು. ಪ್ರಶ್ನೆ ಓದಿ ಹೇಳ್ಬೇಕು, ನಾನು ಹೇಳಿದ ಉತ್ತರದ ಸೊನ್ನೆ ಕಪ್ಪು ಮಾಡ್ಬೇಕು. ಅಷ್ಟೇ ಕೆಲಸ. ಸ್ಕ್ರೈಬ್ ನನಗಿಂತ ಕಡಿಮೆ ಓದಿರ್ಬೇಕು ಅಂತ ನಿಯಮ ಇದೆ. ನೀವು ಎಷ್ಟು ಓದಿದೀರಿ?"

"ಹತ್ತನೇದು. ಅದನ್ನೇ ಎಲ್ಲರೂ ಇಷ್ಟು ವರ್ಷ ಆಡ್ಕೊಂಡ್ರು. ಈಗ ಅದಕ್ಕೂ ಒಂದು ಬೆಲೆ ಬಂತಲ್ಲ! ಆದ್ರೆ ಯಾಕಂತೆ ಕಡಿಮೆ ಓದಿರೋರೇ ಬೇಕು?"

"ಕಡಿಮೆ ಓದಿದೋರು ಬಾಯಿ ಮುಚ್ಕೊಂಡು ಹೇಳಿದ್ದನ್ನ ಬರೀತಾರೆ ಅಂತ ನಿಯಮ ಮಾಡಿದೋರ ಊಹೆ."

ಹಿಂದಿನ ಮೂಲೆಯಿಂದ ಗಂಡ ಕೆಮ್ಮಿದ. ಅದು ಕೆಮ್ಮಲ್ಲ, ನಗು ಎಂಬುದು ಅಕ್ಕನಿಗೆ ಗೊತ್ತಾಯಿತು. ಬೇರೆ ಯಾರೂ ಸಿಗಲಿಲ್ಲವೇ ಎಂದು ಅಕ್ಕ ಕೇಳಿದಾಗ ಹುಡುಗಿ ಹಳೆಯ ಕಥೆ ಹೇಳಿದಳು. ಮೊದಲ ಸಲ ಬಂದ ಸ್ಕ್ರೈಬ್ ಒಂದು ಸಾಲು ತಪ್ಪಿ, ಅಲ್ಲಿಂದಾಚೆಗೆ ಎಲ್ಲ ಉತ್ತರಗಳನ್ನೂ ಒಂದೊಂದು ಮನೆ ಕೆಳಗೆ ಬರೆದಿದ್ದ. ಎರಡನೆಯ ಸಲದವರು ಬಹಳ ಒಳ್ಳೆಯ ಹೆಂಗಸು. ಪರೀಕ್ಷೆಯ ದಿನ ಕೈ ಹಿಡಿದು ಕರೆದೊಯ್ದರು, ನೀರು ಕುಡಿಸಿದರು. ಆಮೇಲೆ ಉತ್ತರದ ಹಾಳೆಯ ಕಾರ್ಬನ್ ಪ್ರತಿಯನ್ನು ಆಸ್ಪತ್ರೆಯಲ್ಲಿ ಗೆಳತಿಯೊಬ್ಬಳ ಕೈಲಿ ಓದಿಸಿದರೆ, ಹಲವು ಕಡೆ ಇವಳು ಹೇಳಿದ್ದೇ ಒಂದು, ಅಲ್ಲಿ ಕಪ್ಪಾಗಿದ್ದೇ ಒಂದು.

"ಯಾಕೆ ಹಾಗೆ ಮಾಡಿದ್ಲಂತೆ ಆ ಹೆಂಗಸು?" ಅಕ್ಕ ಕೆರಳಿದಳು.

"ಪಾಪ, ನನಗೆ ಸಹಾಯ ಮಾಡಿದ್ರು. ನಾನು ತಪ್ಪು ಹೇಳ್ತಿದೀನಿ ಅನ್ನಿಸಿದಾಗೆಲ್ಲ ಅವರಿಗೆ ಸರಿ ಅನ್ನಿಸಿದ್ದನ್ನ ಬರೆದ್ರು. ನನಗೆ ಪೆನ್ನಿನ ಸದ್ದು ಕೇಳ್ಸುತ್ತೆ ಅಕ್ಕ. ಯಾವ ಸೊನ್ನೆ ಅಂತ ಕೇಳ್ಸಲ್ಲ." ಸ್ಟೂಲನ್ನು ಅಕ್ಕನ ಕಡೆಗೆ ಎಳೆದುಕೊಂಡು ಮುಂದುವರಿಸಿದಳು. "ನಿಮ್ಮನ್ನ ಯಾಕೆ ಕೇಳ್ತಿದೀನಿ ಅಂದ್ರೆ, ನೀವು ಅನ್ನಿಸಿದ್ದನ್ನ ಬಾಯಲ್ಲಿ ಹೇಳ್ಬಿಡ್ತೀರಿ. ಬಾಯಲ್ಲಿ ಹೇಳೋರು ಕೈಯಲ್ಲಿ ಮಾಡಲ್ಲ ಅಂತ ನನ್ನ ಅಂದಾಜು."

ಅಕ್ಕ ಒಪ್ಪಿಕೊಂಡಳು. ಒಪ್ಪಿಕೊಂಡದ್ದಕ್ಕೆ ಮರುದಿನದಿಂದಲೇ ಪಶ್ಚಾತ್ತಾಪಪಟ್ಟಳು.

ಬೆಳಗಿನ ಪಾಳಿ ಮುಗಿಸಿ ಹುಡುಗಿ ಮಧ್ಯಾಹ್ನ ಅಂಗಡಿಗೆ ಬರುತ್ತಿದ್ದಳು. ಅಕ್ಕ ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದಬೇಕು, ಅವಳು ಉತ್ತರಿಸಬೇಕು. ಲೆಕ್ಕದ ಪ್ರಶ್ನೆಗಳು ಹೇಗೋ ಸಾಗಿದವು. ತಲೆ ಚಿಟ್ಟು ಹಿಡಿಸಿದ್ದು ತರ್ಕದ ಭಾಗದ ಆ ಒಂದು ಜಾತಿಯ ಪ್ರಶ್ನೆಗಳು: ಒಂದು ಹೇಳಿಕೆ ಕೊಟ್ಟು, ಅದರಲ್ಲಿ ಅಡಗಿರುವ ಊಹೆ ಯಾವುದು ಎಂದು ಕೇಳುವಂಥವು.

"ಒಂದು ಮನೆಯ ಬಾಗಿಲ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಎಂದು ಬರೆದಿದೆ," ಎಂದು ಓದಿದಳು ಅಕ್ಕ. "ಊಹೆ ಒಂದು: ಬರುವವರಿಗೆ ಓದಲು ಬರುತ್ತದೆ. ಊಹೆ ಎರಡು: ಆ ಬೀದಿಯ ಬೇರೆ ಮನೆಗಳಲ್ಲಿ ನಾಯಿ ಇಲ್ಲ. ಎ, ಒಂದನೆಯದು ಮಾತ್ರ. ಬಿ, ಎರಡನೆಯದು ಮಾತ್ರ. ಸಿ, ಎರಡೂ. ಡಿ, ಎರಡೂ ಅಲ್ಲ."

"ಎ."

"ಎಲ್ಲಿಯ ಎ? ನಮ್ಮ ಮನೆ ಓನರ್ ಬಾಗಿಲ ಮೇಲೂ ಹಾಗೇ ಬರೆದಿದೆ. ಒಳಗೆ ನಾಯಿ ಹೋಗ್ಲಿ, ಒಂದು ಬೆಕ್ಕೂ ಇಲ್ಲ! ಬೋರ್ಡೇ ಸುಳ್ಳು ಅಂದ್ಮೇಲೆ ಊಹೆ ಎಲ್ಲಿಂದ ಬಂತು?"

"ನಾಯಿ ಇದೆಯೋ ಇಲ್ವೋ ನಮಗೆ ಬೇಡ ಅಕ್ಕ. ಬೋರ್ಡ್ ಹಾಕಿದೋರು ಬಾಯಲ್ಲಿ ಹೇಳದೇನೇ ಯಾವುದನ್ನ ಹೌದು ಅಂದ್ಕೊಂಡಿದಾರೆ? ಅದು ಮಾತ್ರ ಬೇಕು. ತಿರುಗಿಸಿ ನೋಡಿ. ಬರೋರು ಯಾರಿಗೂ ಓದಕ್ಕೆ ಬರಲ್ಲ ಅಂದ್ಕೊಳ್ಳಿ. ಆಗ ಬೋರ್ಡ್ ಹಾಕ್ತಾರಾ? ಹಾಕಲ್ಲ, ಮಾತು ಬಿದ್ದುಹೋಯ್ತು. ಬೇರೆ ಮನೆಗಳಲ್ಲೂ ನಾಯಿ ಇದೆ ಅಂದ್ಕೊಳ್ಳಿ. ಬೋರ್ಡಿಗೇನೂ ಆಗಲ್ಲ. ತಿರುಗಿಸಿದಾಗ ಯಾವುದು ಮಾತನ್ನ ಬೀಳ್ಸುತ್ತೋ ಅದೇ ಅಡಗಿರೋ ಊಹೆ." ಆಮೇಲೆ ನಕ್ಕು, "ಅಂದ್ಹಾಗೆ ಆ ಬೋರ್ಡ್ ನನ್ನಂಥವಳಿಗಲ್ಲ. ನನಗೆ ನಾಯಿಯೇ ಬಂದು ಹೇಳ್ಬೇಕು" ಎಂದಳು.

ಹಿಂದಿನಿಂದ ಗಂಡ, ಯಾರೂ ಕೇಳದಿದ್ದರೂ, ಒಂದು ಪೂರ್ತಿ ವಾಕ್ಯ ಆಡಿದ. "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ."

"ಅದೇ!" ಹುಡುಗಿ ಸ್ಟೂಲಿನಿಂದ ಎದ್ದೇಬಿಟ್ಟಳು. "ಎತ್ತು ಈಯತ್ತೆ ಅನ್ನೋದನ್ನ ಹೇಳಿದೋನು ಮಾತಿನೊಳಗೆ ಬಚ್ಚಿಟ್ಟ. ಕೇಳಿದೋನು ಕರು ಸಮೇತ ನುಂಗಿದ. ಭಾವ ಎಷ್ಟು ಚೆನ್ನಾಗಿ ಹೇಳಿದ್ರು ನೋಡಿ!"

ವರ್ಷಕ್ಕೊಂದು ಮಾತಾಡಿ ಹೊಗಳಿಸಿಕೊಳ್ಳುವುದು ಸುಲಭ ಎಂದು ಅಕ್ಕನಿಗೆ ಮೈಯೆಲ್ಲ ಉರಿಯಿತು. ಅವಳ ಮಟ್ಟಿಗೆ ಆ ಪ್ರಶ್ನೆಗಳೆಲ್ಲ ಅಧಿಕಪ್ರಸಂಗ. ಇದ್ದದ್ದನ್ನು ಇದ್ದಂತೆ ಹೇಳುವುದು ಬಿಟ್ಟು, ಹೇಳದೆ ಇದ್ದದ್ದನ್ನು ಹುಡುಕಿ ಎನ್ನುವುದು ಎಂಥ ಪರೀಕ್ಷೆ? ಜಗಳ ಕಾಯುವ ಅತ್ತೆ ಸೊಸೆಯರಿಗೆ ಇಡಬೇಕಾದ ಪರೀಕ್ಷೆಯನ್ನು ಗುಮಾಸ್ತರಿಗೆ ಇಟ್ಟಿದ್ದಾರೆ ಎಂದು ಅವಳು ಗಿರಾಕಿಗಳ ಮುಂದೆಲ್ಲ ಹೇಳಿಕೊಂಡು ತಿರುಗಿದಳು.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದು ಶುರುವಾಯಿತು. ಒಂದು ಮಧ್ಯಾಹ್ನ ಹುಡುಗಿ ತಡೆದಳು. "ಅಕ್ಕ, ನೀವು ಬಿ ಎಳೆದು ಓದಿದ್ರಿ."

"ಎಳೀಲಿಲ್ಲ."

"ಎಳೆದ್ರಿ. ನಿಮಗೆ ಯಾವ ಉತ್ತರ ಸರಿ ಅನ್ನಿಸುತ್ತೋ ಅದನ್ನ ಎಳೆದು ಓದ್ತೀರಿ. ಬೇಡ ಅನ್ನಿಸಿದ್ದನ್ನ ನುಂಗಿ ಓದ್ತೀರಿ. ದಿನವಿಡೀ ದನಿ ಕೇಳೋ ಕಿವಿ ಇದು, ನನ್ನ ಹತ್ರ ನಡೆಯಲ್ಲ."

"ಎಳೆದ್ರೆ ಏನೀಗ? ಸರಿ ಉತ್ತರ ಅದೇ ಅಲ್ವಾ?"

"ಅಲ್ಲ ಅಕ್ಕ. ನೀವು ಎಳೆದಿದ್ದು ಹೆಚ್ಚಾಗಿ ತಪ್ಪೇ ಇರುತ್ತೆ. ಆದ್ರೆ ವಿಷಯ ಅದಲ್ಲ. ಸರಿಯಿದ್ರೂ ಎಳೀಬಾರ್ದು. ಪರೀಕ್ಷೆ ನಾನು ಬರೀಬೇಕು."

ಅಲ್ಲಿಂದ ಒಂದೇ ಸಮನೆ ಓದುವ ಅಭ್ಯಾಸ. ಏರಿಸಬಾರದು, ಇಳಿಸಬಾರದು, ನಿಟ್ಟುಸಿರು ಬಿಡಬಾರದು, ಲೊಚಗುಟ್ಟಬಾರದು. ಯಂತ್ರದ ಜೊತೆ ಬಂದ ಸೂಚನೆಗಳ ಪುಸ್ತಕವನ್ನು ಅಕ್ಕ ಗಟ್ಟಿಯಾಗಿ ಓದಿ ಓದಿ ದನಿಯನ್ನು ಇಸ್ತ್ರಿ ಮಾಡಿದಳು. ಅಭ್ಯಾಸಬಲದಿಂದ ಗಿರಾಕಿಗಳ ಹತ್ತಿರವೂ ಹಾಗೆಯೇ ಮಾತಾಡತೊಡಗಿದಳು. "ಎಷ್ಟು ಪ್ರತಿ. ಎರಡೂ ಬದಿಯಾ. ಒರಿಜಿನಲ್ ತಗೊಳ್ಳಿ." ಕಾಲೇಜಿನ ಗೇಟಿನ ಕಾವಲುಗಾರ ರಸ್ತೆ ದಾಟಿ ಬಂದು, "ಮನೇಲಿ ಎಲ್ಲಾ ಕ್ಷೇಮನಾ?" ಎಂದು ಅವಳ ಗಂಡನನ್ನು ಗುಟ್ಟಾಗಿ ಕೇಳಿಹೋದ. ಗಂಡನಿಗಂತೂ ಆ ದಿನಗಳು ಸ್ವರ್ಗಕ್ಕೆ ಮೂರೇ ಗೇಣು.

ಪರೀಕ್ಷೆಯ ದಿನ ಅವರಿಬ್ಬರಿಗೂ ಎದುರಿನ ಕಾಲೇಜಿನ ನೆಲಮಹಡಿಯಲ್ಲಿ ಬೇರೆಯೇ ಒಂದು ಕೋಣೆ ಕೊಟ್ಟಿದ್ದರು. ಒಡೆದ ಬೆಂಚುಗಳನ್ನು ಪೇರಿಸಿಟ್ಟ ಕೋಣೆ. ನಡುವೆ ಒಂದು ಮೇಜು, ಎರಡು ಕುರ್ಚಿ. ಕಿಟಕಿಯ ಬಳಿ ಕೂತ ಮೇಲ್ವಿಚಾರಕಿ ಮೇಡಂ ಮೊದಲೇ ಎಚ್ಚರಿಸಿದರು: "ಪ್ರಶ್ನೆಪತ್ರಿಕೇಲಿ ಇರೋದು ಬಿಟ್ಟು ಒಂದೇ ಒಂದು ಮಾತು ನಿಮ್ಮ ಬಾಯಿಂದ ಬಂದ್ರೂ ಇವರ ಪರೀಕ್ಷೆ ರದ್ದಾಗುತ್ತೆ. ಅರ್ಥ ಆಯ್ತಾ?" ಆಯಿತು ಎನ್ನಲು ಬಾಯಿ ತೆರೆದ ಅಕ್ಕ, ಅದೂ ಒಂದು ಮಾತೇ ಎಂದು ಹೊಳೆದು ತಲೆಯಾಡಿಸಿದಳು.

ಬೆಳಗ್ಗೆ ತರ್ಕದ ಪತ್ರಿಕೆ. ಮಧ್ಯಾಹ್ನ ಇನ್ನೊಂದು, ಅಂಕಗಳಲ್ಲಿ ಅದೇ ದೊಡ್ಡದು. ಅಕ್ಕ ಓದಿದಳು. ಹುಡುಗಿ "ಸಿ" ಎಂದಳು, ಅಕ್ಕ ಸಿ ಕಪ್ಪು ಮಾಡಿದಳು. "ಬಿ" ಎಂದಳು, ಬಿ ಕಪ್ಪು ಮಾಡಿದಳು. ನಡುವೆ ಎಷ್ಟೋ ಸಲ ನಾಲಗೆ ತುದಿಗೆ ಬಂದ ಮಾತು ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆದರೂ ಓದು ನೆಟ್ಟಗೆ ಸಾಗಿತ್ತು. ಇಪ್ಪತ್ತೇಳನೆಯ ಪ್ರಶ್ನೆ ಬಂತು.

"ಪ್ರತಿ ತೆಗೆಯುವ ಅಂಗಡಿಯೊಂದರಲ್ಲಿ ಹೀಗೊಂದು ಫಲಕವಿದೆ: ‘ಮೂಲಪ್ರತಿಯನ್ನು ಮರೆಯದೆ ತೆಗೆದುಕೊಂಡು ಹೋಗಿ.’"

ಅಕ್ಕನದೇ ಬೋರ್ಡು! ದನಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನಡೆಸಿದಳು. "ಊಹೆ ಒಂದು: ಗ್ರಾಹಕರು ಮೂಲಪ್ರತಿಯನ್ನು ಬಿಟ್ಟುಹೋಗುವ ಸಂಭವವಿದೆ. ಊಹೆ ಎರಡು: ಬಿಟ್ಟುಹೋದ ಮೂಲಪ್ರತಿಗಳನ್ನು ಅಂಗಡಿಯವರು ಹರಿದು ಎಸೆಯುತ್ತಾರೆ. ಎ, ಒಂದನೆಯದು ಮಾತ್ರ. ಬಿ, ಎರಡನೆಯದು ಮಾತ್ರ. ಸಿ, ಎರಡೂ. ಡಿ, ಎರಡೂ ಅಲ್ಲ."

ಇದಕ್ಕಿಂತ ಸುಲಭದ ಪ್ರಶ್ನೆ ಭೂಮಿಯ ಮೇಲಿಲ್ಲ. ಜನ ಮರೆಯುವುದೇ ಇಲ್ಲ ಎಂದು ತಿರುಗಿಸಿದರೆ ಬೋರ್ಡ್ ಯಾಕೆ ಬೇಕು? ಎಸೆಯುವ ಮಾತಂತೂ ಎಲ್ಲಿಂದ ಬಂತು, ಅನಾಥಾಲಯ ತುಂಬಿ ತುಳುಕುತ್ತಿಲ್ಲವೇ? ಎ. ಕಣ್ಣು ಮುಚ್ಚಿಕೊಂಡು ಎ.

"ಡಿ," ಎಂದಳು ಹುಡುಗಿ.

ಅಕ್ಕ ತಲೆಯೆತ್ತಿ ಅವಳ ಮುಖ ನೋಡಿದಳು. ಆ ಮುಖ ಗೋಡೆಯ ಕಡೆಗೆ ತಿರುಗಿ ನಿರಾಳವಾಗಿತ್ತು. ಸ್ವಂತ ಪ್ರಮಾಣಪತ್ರವನ್ನು ಗಾಜಿನ ಮೇಲೆ ಬಿಟ್ಟುಹೋದವಳು, ದಿನಾ ಮಧ್ಯಾಹ್ನ ಅಂಗಡಿಯಲ್ಲಿ ಕೂತು "ಒರಿಜಿನಲ್ ತಗೊಳ್ಳಿ" ಎಂಬ ಕೂಗನ್ನು ಕಿವಿತುಂಬ ಕೇಳಿದವಳು, ಡಿ ಅಂತೆ ಡಿ! ಅಕ್ಕನಿಗೆ ಅವಳ ತಲೆಗೊಂದು ಮೊಟಕಬೇಕೆನಿಸಿತು. ಪೆನ್ನು ಡಿ ಕಡೆಗೆ ಹೋಗಲೊಲ್ಲದು. ಮೇಡಂ ಕಿಟಕಿಯಾಚೆ ಯಾರ ಜೊತೆಗೋ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ನೋಡುವವರಿಲ್ಲ. ಪೆನ್ನನ್ನು ಅಷ್ಟೇ ಅಷ್ಟು ಎಡಕ್ಕೆ ಸರಿಸಿದರೆ ಆಯಿತು. ಇದು ಮೋಸವೇ? ಬಾವಿಗೆ ಬೀಳುವವಳನ್ನು ತಡೆದರೆ ಮೋಸವೇ? ಒಂದು ಅಂಕಕ್ಕೆ ಕೆಲಸ ತಪ್ಪಿದವರನ್ನು ತನ್ನ ಅಂಗಡಿಯ ಮುಂದೆಯೇ ಅಕ್ಕ ಎಷ್ಟು ಜನರನ್ನು ಕಂಡಿದ್ದಾಳೆ. ವರ್ಷ ಕಳೆದರೆ ಆಸ್ಪತ್ರೆಯಲ್ಲಿ ಯಂತ್ರ ಮಾತಾಡುತ್ತದೆ, ಇವಳು ಮನೆಯಲ್ಲಿ ಕೂರುತ್ತಾಳೆ. ಪೆನ್ನಿನ ತುದಿ ಎ ಮೇಲೆ ಬಂದು ನಿಂತಿತು.

ಆಗ ಅವಳಿಗೆ ನೆನಪಾದದ್ದು ಆ ಎರಡನೆಯ ಸಲದ ಹೆಂಗಸು. ಪಾಪ, ಒಳ್ಳೆಯವರು. ಕೈ ಹಿಡಿದು ಕರೆದೊಯ್ದರು, ನೀರು ಕುಡಿಸಿದರು. ಅವರೂ ಹೀಗೆಯೇ ಬಾವಿ ಗೀವಿ ಎಂದು ಯೋಚಿಸಿರಬೇಕು. ಪರೀಕ್ಷೆ ನಾನು ಬರೀಬೇಕು ಎಂದಿದ್ದಳಲ್ಲ ಹುಡುಗಿ. ಹಾಳಾಗಿ ಹೋಗು, ಬರಿ, ನೀನೇ ಬರಿ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಅಕ್ಕ ಡಿ ಸೊನ್ನೆಯನ್ನು ಕಾಗದ ಹರಿಯುವಷ್ಟು ಒತ್ತಿ ಕಪ್ಪು ಮಾಡಿದಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಇಪ್ಪತ್ತೆಂಟನೆಯದನ್ನು ಒಂದೇ ಸಮನೆ ಓದಿದಳು.

ಊಟದ ಬಿಡುವಿನಲ್ಲಿ ಹುಡುಗಿಯನ್ನು ಗೇಟಿನ ಬಳಿಯ ಕಟ್ಟೆಯ ಮೇಲೆ ಕೂರಿಸಿ, ಡಬ್ಬಿ ತರುತ್ತೇನೆಂದು ಅಕ್ಕ ರಸ್ತೆ ದಾಟಿದಳು. ಅಂಗಡಿಯೊಳಗೆ ಕಾಲಿಟ್ಟದ್ದೇ ತಡ, ಕಟ್ಟೆಯೊಡೆಯಿತು. "ಡಿ ಅಂತೆ ರೀ, ಡಿ! ನಮ್ಮ ಬೋರ್ಡು, ನಮ್ಮದೇ ಬೋರ್ಡು, ಪತ್ರಿಕೇಲಿ ಅಚ್ಚಾಗಿ ಬಂದಿದೆ, ಇವಳಿಗೆ ಉತ್ತರ ಹೇಳಕ್ಕಾಗ್ಲಿಲ್ಲ!" ಗಂಡ ಡಬ್ಬಿ ಕೈಗಿಟ್ಟು ಕೇಳಿದ, "ನೀನೇನು ಬರೆದೆ?" "ಅವಳು ಹೇಳಿದ್ದೇ ಬರೆದೆ. ಇನ್ನೇನು ಮಾಡ್ಲಿ?" "ಹ್ಞೂಂ," ಎಂದ ಗಂಡ. ಎಂದಿನ ಹ್ಞೂಂಗಿಂತ ಅದು ಕೊಂಚ ಉದ್ದವಾಗಿತ್ತು.

ವಾಪಸ್ಸು ಬರುವಾಗ ನೋಡುತ್ತಾಳೆ, ಕಾವಲುಗಾರ ಕಟ್ಟೆಯ ಪಕ್ಕದಲ್ಲಿ ಬಗ್ಗಿ, ಹುಡುಗಿಯ ಕೈಯಲ್ಲಿದ್ದ ಕಾರ್ಬನ್ ಪ್ರತಿಯ ಮೇಲೆ ಬೆರಳಿಟ್ಟು ಓದುತ್ತಿದ್ದಾನೆ. "ಇಪ್ಪತ್ತೇಳು ಅಂದ್ರಲ್ಲ... ನಾಲ್ಕನೇ ಸೊನ್ನೆ ಅಮ್ಮ, ಕೊನೇದು. ಇದೊಂದು ಮಾತ್ರ ತೂತು ಬೀಳೋ ಹಾಗೆ ಒತ್ತಿದಾರೆ."

ಹುಡುಗಿ ಹಾಳೆಯನ್ನು ಮಡಚಿ ಎದೆಗೆ ಒತ್ತಿಕೊಂಡಳು. ಕಾವಲುಗಾರ ಗೇಟಿನ ಕಡೆಗೆ ಹೋದ ಮೇಲೆ ಅಕ್ಕ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಅವನ ಕೈಲಿ ಯಾಕೆ ಓದಿಸ್ದೆ? ನಾನು ಸತ್ತಿದ್ನಾ?"

"ನೀವು ಬರೆದಿದ್ದನ್ನ ನೀವೇ ಓದಿದ್ರೆ ನನಗೇನು ಗೊತ್ತಾಗುತ್ತೆ ಅಕ್ಕ?"

"ಏನು ಗೊತ್ತಾಗ್ಬೇಕಿತ್ತು? ಆ ಪ್ರಶ್ನೆಗೆ ಡಿ ಅಂದ್ಯಲ್ಲ, ನಿನ್ನ ಬುದ್ಧಿ ಎಲ್ಲಿ ಮೇಯಕ್ಕೆ ಹೋಗಿತ್ತು?"

"ಉತ್ತರ ಎ. ನನಗೆ ಗೊತ್ತು."

ಆ ಬೀದಿಯಲ್ಲಿ ಯಾರೂ ಕಾಣದಿದ್ದದ್ದು ಆಗ ನಡೆಯಿತು. ಜೆರಾಕ್ಸ್ ಅಕ್ಕನ ಬಾಯಿ ನಿಂತುಹೋಯಿತು.

ಹುಡುಗಿಯೇ ಮಾತಾಡಿದಳು. "ಈ ಪರೀಕ್ಷೆ ಪೂರ್ತಿ ಒಂದು ಊಹೆ ಮೇಲೆ ನಿಂತಿದೆ ಅಕ್ಕ. ಅದನ್ನ ಯಾವ ಪತ್ರಿಕೇಲೂ ಬರೆದಿರಲ್ಲ. ನಾನು ಹೇಳಿದ್ದೇ ಹಾಳೆ ಮೇಲೆ ಬಿದ್ದಿದೆ ಅಂತ. ಅದನ್ನ ತಿರುಗಿಸಿದ್ರೆ ಎಲ್ಲಾ ಬಿತ್ತು. ಎರಡು ಸಲ ಬಿದ್ದಿದೆ. ಮಧ್ಯಾಹ್ನದ್ದು ದೊಡ್ಡ ಪತ್ರಿಕೆ. ಅನುಮಾನ ಇದ್ರೆ ಈ ಬಿಡುವಲ್ಲೇ ಬೇರೆ ಸ್ಕ್ರೈಬ್ ಕೇಳ್ಬಹುದು, ಆಮೇಲೆ ಆಗಲ್ಲ. ಅದಕ್ಕೆ ಒಂದು ಕಡೆ ಬೇಕಂತಲೇ ತಪ್ಪು ಹೇಳಿ ನೋಡೋಣ ಅಂತ ಕಾಯ್ತಿದ್ದೆ. ಎಲ್ಲಿ ನಿಮಗೆ ಕೈ ಕಟ್ಕೊಂಡು ಕೂರಕ್ಕೆ ಆಗೋದೇ ಇಲ್ವೋ ಅಲ್ಲಿ. ನಿಮ್ಮ ಬೋರ್ಡೇ ಬಂತು."

"ಅಂದ್ರೆ ನನ್ನನ್ನ ಪರೀಕ್ಷೆ ಮಾಡಿದ್ಯಾ?" ಅಕ್ಕನ ದನಿ ವಾಪಸ್ಸು ಬಂತು, ಬಡ್ಡಿ ಸಮೇತ. "ಇಷ್ಟು ದಿನ ಅಂಗಡಿ ಕೆಲಸ ಬಿಟ್ಟು ನಿನಗೋಸ್ಕರ ಬಾಯಿಗೆ ಇಸ್ತ್ರಿ ಹಾಕ್ಕೊಂಡ್ನಲ್ಲ, ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?"

"ನಂಬಿಕೆ ಇತ್ತು ಅಕ್ಕ. ಹೋದ ಸಲದವರ ಮೇಲೂ ಇತ್ತು."

ಅಕ್ಕನ ಸಿಟ್ಟು ಇನ್ನೂ ಏರಿತು. "ಒಂದು ಮಾರ್ಕು! ಕೊನೇ ಪರೀಕ್ಷೇಲಿ ಯಾರಾದ್ರೂ ಒಂದು ಮಾರ್ಕನ್ನ ಕೈಯಾರೆ ಚೆಲ್ತಾರಾ?" ಎಂದು ಕೂಗಾಡಿದಳು. ಹಾಗೆ ಕೂಗಾಡುತ್ತಲೇ, ಒಳಗೆ ಇಟ್ಟುಕೊಳ್ಳಲಾಗದೆ, ಇದ್ದದ್ದನ್ನೆಲ್ಲ ಉಗುಳಿಬಿಟ್ಟಳು. "ನೋಡು, ಮುಚ್ಚಿಟ್ಟು ನನಗೆ ಗೊತ್ತಿಲ್ಲ. ಪೆನ್ನು ಎ ಮೇಲೆ ಹೋಗಿತ್ತು. ಇನ್ನೇನು ಒತ್ತೋದ್ರಲ್ಲಿದ್ದೆ."

"ಗೊತ್ತು," ಎಂದಳು ಹುಡುಗಿ. "ಪೆನ್ನಿನ ಸದ್ದು ಬರೋದು ತಡವಾಯ್ತು. ಅಷ್ಟು ಹೊತ್ತು ನಾನು ಉಸಿರು ಬಿಟ್ಟಿರ್ಲಿಲ್ಲ ಅಕ್ಕ." ಅವಳ ಕೈ ಕಟ್ಟೆಯ ಮೇಲೆ ತಡವರಿಸಿ, ಡಬ್ಬಿಯನ್ನು ದಾಟಿ, ಅಕ್ಕನ ಕೈಯನ್ನು ಹುಡುಕಿ ಹಿಡಿಯಿತು. "ಆಮೇಲೆ ಬಂತಲ್ಲ ಸದ್ದು, ಇಷ್ಟು ಸಿಟ್ಟಲ್ಲಿ ಒತ್ತಿದೋರು ಡಿ ಬಿಟ್ಟು ಬೇರೆ ಒತ್ತಿರಲ್ಲ ಅನ್ನಿಸ್ತು. ಆದ್ರೂ ಓದಿಸ್ದೆ. ಅನ್ನಿಸೋದಕ್ಕೂ ಗೊತ್ತಾಗೋದಕ್ಕೂ ವ್ಯತ್ಯಾಸ ಇದೆ."

ಮಧ್ಯಾಹ್ನ ಮೇಡಂ ಕಾಗದ ನೋಡುತ್ತ, "ಸ್ಕ್ರೈಬ್ ಇವರೇನಾ, ಬದಲಾವಣೆ ಇದೆಯಾ?" ಎಂದರು. "ಇವರೇ," ಎಂದಳು ಹುಡುಗಿ. ಅಕ್ಕ ಮುಖ ಊದಿಸಿಕೊಂಡೇ ಇಡೀ ಪತ್ರಿಕೆಯನ್ನು ಓದಿದಳು. ಮುಖ ಊದಿದ್ದರೂ ದನಿ ಎಲ್ಲಿಯೂ ಊದಲಿಲ್ಲ, ಎಲ್ಲಿಯೂ ಎಳೆಯಲಿಲ್ಲ.

ಫಲಿತಾಂಶ ಬರುವ ಹೊತ್ತಿಗೆ ಆಸ್ಪತ್ರೆಯಲ್ಲಿ ಯಂತ್ರ ಕೂತಾಗಿತ್ತು. ಆಯ್ಕೆಯಾದವರ ಪಟ್ಟಿ ಬಂದ ದಿನ ಅಂಗಡಿಯ ಕಂಪ್ಯೂಟರಿನ ಮುಂದೆ ಜನವೋ ಜನ. ಹುಡುಗಿ ಎಲ್ಲರೂ ಕರಗುವವರೆಗೆ ಸ್ಟೂಲಿನ ಮೇಲೆ ಕಾದಳು. "ನಮ್ಮ ಮನೆಯವರೂ ಓದ್ತೀವಿ ಅಂದ್ರು, ಬೇಡ ಅಂದೆ. ನೀವೇ ಓದಿ. ಮೇಲಿಂದ ಓದ್ಕೊಂಡು ಬನ್ನಿ."

ಹೆಚ್ಚು ಅಂಕ ಪಡೆದವರು ಮೇಲೆ, ಕಡಿಮೆಯವರು ಕೆಳಗೆ. ಹೆಸರಿಲ್ಲ, ಬರೀ ನೋಂದಣಿ ಸಂಖ್ಯೆ. ಅಕ್ಕ ಕನ್ನಡಕ ಏರಿಸಿ ಓದತೊಡಗಿದಳು. ಮೊದಲ ಪುಟ ಮುಗಿಯಿತು. ಎರಡನೆಯ ಪುಟ ಅರ್ಧಕ್ಕೆ ಬಂತು. ಹುಡುಗಿಯ ಬೆರಳುಗಳು ಕೈಕೋಲಿನ ಹಿಡಿಯನ್ನು ಹಿಂಡುತ್ತಿದ್ದವು. ಪುಟದ ಕೊನೆ ಹತ್ತಿರವಾಯಿತು. ಅಕ್ಕ ಒಂದು ಸಂಖ್ಯೆ ಓದಿದಳು, ಅದೇ ಸಮನಾದ ದನಿಯಲ್ಲಿ ಅದರ ಕೆಳಗಿನ ಕೊನೆಯ ಸಂಖ್ಯೆಯನ್ನೂ ಓದಿದಳು, ಪಟ್ಟಿ ಮುಗಿಯಿತು.

"ಅಕ್ಕ." ಹುಡುಗಿ ಸ್ಟೂಲಿನಿಂದ ಎದ್ದಳು. "ಕೊನೇದಕ್ಕಿಂತ ಮೊದ್ಲು ಓದಿದ್ದು?"

"ನಿಂದೇ."

"ನಂದೇ ಅಂತ ಗೊತ್ತಿದ್ದೂ ಹಾಗೇ ಮುಂದೆ ಹೋಗ್ಬಿಟ್ರಾ! ಅಯ್ಯೋ ಅಕ್ಕ, ಅದೊಂದನ್ನಾದ್ರೂ ಸ್ವಲ್ಪ ಎಳೆದು ಓದಬಾರ್ದಿತ್ತಾ?"

"ಎಳೆದು ಓದಬೇಡಿ ಅಂತ ಪ್ರಾಣ ತಿಂದಿದ್ದು ಯಾರು?" ಎಂದು ಅಕ್ಕ ಕೂಗಿದಳು. ಕೂಗು ಅರ್ಧಕ್ಕೆ ಒಡೆದು ಅಳುವಾಯಿತು. ಹಿಂದಿನ ಮೂಲೆಯಲ್ಲಿ ತಂತಿ ಸುರುಳಿಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಆಮೇಲೆ ಅಕ್ಕ ಕನ್ನಡಕ ಒರೆಸಿಕೊಂಡು, ಆ ಸಂಖ್ಯೆಯ ಒಂದೊಂದು ಅಂಕಿಯನ್ನೂ ಎಳೆದೆಳೆದು, ರಸ್ತೆಯಾಚೆಯ ಕಾವಲುಗಾರನಿಗೂ ಕೇಳುವ ಹಾಗೆ ಓದಿದಳು. "ಇನ್ನೊಮ್ಮೆ," ಎಂದಳು ಹುಡುಗಿ. ಅಕ್ಕ ಇನ್ನೊಮ್ಮೆ ಓದಿದಳು.

"ಕೊನೆಯಿಂದ ಎರಡನೇದು," ಎಂದಳು ಅಕ್ಕ, ಸಿಟ್ಟು ಮತ್ತೆ ನೆನಪಾಗಿ. "ಕೂದಲೆಳೆಯಲ್ಲಿ ತಪ್ಪಿಸ್ಕೊಂಡಿದೀಯ, ಗೊತ್ತಾ? ಇನ್ನೊಂದು ಮಾರ್ಕು ಹೋಗಿದ್ರೆ ಪಟ್ಟಿಯಿಂದಾಚೆ ಇರ್ತಿದ್ದೆ. ಆ ಇಪ್ಪತ್ತೇಳು—"

"ಆ ಇಪ್ಪತ್ತೇಳು ಇಲ್ಲದಿದ್ರೆ, ಪಾಸಾಗಿದ್ದು ನಾನೋ ನೀವೋ ಅಂತ ಸಾಯೋವರೆಗೂ ಅನುಮಾನ ಇರ್ತಿತ್ತು ಅಕ್ಕ. ಈಗ ಸರಿಯೂ ನಂದೇ, ತಪ್ಪೂ ನಂದೇ."

ಅಕ್ಕ ಬಾಯಿ ತೆರೆದಳು. ಹೇಳುವುದಕ್ಕೆ ಬೇಕಾದಷ್ಟಿತ್ತು, ಹೇಳಿದ್ದರೆ ಸರಿಯಾಗಿಯೂ ಇರುತ್ತಿತ್ತು. ಬಾಯಿ ಮುಚ್ಚಿ, ಪಟ್ಟಿಯ ಒಂದು ಪ್ರತಿ ತೆಗೆದು ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ಅದನ್ನು ಚೀಲಕ್ಕೆ ಸೇರಿಸಿ, ಕೋಲು ತಟ್ಟುತ್ತ, ನಗುತ್ತ ಬೀದಿಗಿಳಿದಳು. ಅವಳು ತಿರುವು ದಾಟುವಷ್ಟರಲ್ಲಿ ಅಕ್ಕನ ಕಣ್ಣು ಯಂತ್ರದ ಗಾಜಿನ ಮೇಲೆ ಹೋಯಿತು. ಮಧ್ಯಾಹ್ನ ಪ್ರತಿ ತೆಗೆಸಲೆಂದು ಇಟ್ಟಿದ್ದ ಅಂಗವಿಕಲರ ಪ್ರಮಾಣಪತ್ರ ಅಲ್ಲಿಯೇ ಮಲಗಿತ್ತು.

"ಏ ಹುಡುಗಿ!" ಅಕ್ಕ ಕಾಗದ ಹಿಡಿದು ಬೀದಿಗೆ ಓಡಿದಳು. "ಒರಿಜಿನಲ್!"